ಸಿಲಿಂಡರ್ ಗೋಡೆಯ ಹೊಳಪು: ಉಜ್ಜುವುದು ಸುಲಭ, ತೊಳೆಯುವುದೇ ಕಷ್ಟ

ಬಹಳ ದಿನ ಓಡಿದ ಎಂಜಿನ್ನಿನ ಹೆಡ್ ಬಿಚ್ಚಿದಾಗ ಸಿಲಿಂಡರಿನ ಒಳಗೋಡೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ಖುಷಿಪಡುವಂಥದ್ದೇನೂ ಇಲ್ಲ. ಹೊಸ ಎಂಜಿನ್ನಿನಲ್ಲಿ ಆ ಗೋಡೆಯ ಮೇಲೆ ಒಂದನ್ನೊಂದು ಓರೆಯಾಗಿ ದಾಟುವ ಸಣ್ಣ ಗೀರುಗಳನ್ನು ಬೇಕೆಂದೇ ಎಳೆದಿರುತ್ತಾರೆ. ಕ್ರಾಸ್ ಹ್ಯಾಚ್ ಎಂದರೆ ಅದೇ. ಗೀರಿನ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ, ಪಿಸ್ಟನ್ನಿಗೆ ತೊಡಿಸಿದ ಲೋಹದ ಬಳೆ, ಎಂದರೆ ಪಿಸ್ಟನ್ ರಿಂಗ್, ಆ ಎಣ್ಣೆಯ ಪದರದ ಮೇಲೆ ಜಾರುತ್ತದೆ. ಕಾಲಕ್ರಮೇಣ ಉಬ್ಬುಗಳು ಸವೆದು ನುಣುಪಾಗುತ್ತವೆ, ತಗ್ಗುಗಳಲ್ಲಿ ಅರೆಬೆಂದ ಎಣ್ಣೆ ವಾರ್ನಿಷ್ ಆಗಿ ಗಟ್ಟಿಯಾಗುತ್ತದೆ. ಇವೆರಡೂ ಸೇರಿ ಆಗುವುದೇ ಗ್ಲೇಜ್.

ಹಳೆಯ ರಿಂಗ್ ಈ ಗೋಡೆಗೆ ಹೊಂದಿಕೊಂಡೇ ಸವೆದಿರುವುದರಿಂದ ಹೇಗೋ ನಡೆದುಹೋಗುತ್ತದೆ. ಹೊಸ ರಿಂಗ್ ಹಾಕಿದಾಗ ತಕರಾರು ಶುರು. ರಿಂಗ್ ಕೂರಬೇಕಾದರೆ ರಿಂಗೂ ಗೋಡೆಯೂ ಪರಸ್ಪರ ಒಂದಿಷ್ಟು ತೇಯಬೇಕು. ನುಣುಪಾದ ಗೋಡೆಯ ಮೇಲೆ ಆ ತೇಯುವಿಕೆ ನಡೆಯದೆ ಉರಿದ ಅನಿಲ ಕೆಳಗೆ ಸೋರುತ್ತದೆ, ಎಣ್ಣೆ ಮೇಲೇರಿ ಸುಟ್ಟು ನೀಲಿ ಹೊಗೆಯಾಗುತ್ತದೆ, ಆ ಸುಟ್ಟ ಎಣ್ಣೆ ಇನ್ನಷ್ಟು ವಾರ್ನಿಷ್ ಕಟ್ಟುತ್ತದೆ.

ಹಾಗೆಂದು ಬಿಚ್ಚಿದ ಎಂಜಿನ್ನಿಗೆಲ್ಲ ಹೋನ್ (ಗೋಡೆಯನ್ನು ಉಜ್ಜಿ ಹೊಸ ಗೀರು ಎಳೆಯುವ ಸಾಣೆ ಉಪಕರಣ) ಹಾಕುವ ಅಭ್ಯಾಸ ಸರಿಯಲ್ಲ. ಮೊದಲು ಗೋಡೆ ಯಾವುದರದು ಎಂದು ತಿಳಿಯಬೇಕು. ಕೆಳಗೆ ಹೇಳುವುದೆಲ್ಲ ಎರಕದ ಕಬ್ಬಿಣದ ಬೋರಿಗೆ, ಎಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆಗೆ, ಮಾತ್ರ. ಅಲ್ಯೂಮಿನಿಯಂ ಮೇಲೆ ನಿಕಾಸಿಲ್ ಎಂಬ ಗಡುಸಾದ ನಿಕಲ್ ಲೇಪನವಿದ್ದರೆ ಮಾಮೂಲಿ ಸಾಣೆಕಲ್ಲು ಆ ತೆಳುವಾದ ಪದರವನ್ನು ಹಾಳುಮಾಡಬಲ್ಲದು. ಅಲುಸಿಲ್ (ಸಿಲಿಕಾನ್ ಬೆರೆತ ಅಲ್ಯೂಮಿನಿಯಂ) ಬೋರಿನಲ್ಲಿ ಸಿಲಿಕಾನ್ ಹರಳುಗಳೇ ರಿಂಗಿನ ಭಾರ ಹೊರುವುದರಿಂದ ಅದರ ವಿಧಾನವೇ ಬೇರೆ. ಕಬ್ಬಿಣದ ಬೋರಿನಲ್ಲೂ ಗೀರುಗಳು ಮೇಲಿನಿಂದ ಕೆಳಗಿನವರೆಗೆ ಸ್ಪಷ್ಟವಾಗಿ ಕಾಣುತ್ತಿದ್ದು, ಎಂಜಿನ್ನಿನ ಕೈಪಿಡಿ ಹೋನ್ ಬೇಡ ಎಂದಿದ್ದರೆ ಸುಮ್ಮನೆ ತೊಳೆದು ಜೋಡಿಸುವುದೇ ಮೇಲು.

ಆಮೇಲೆ ಅಳತೆ. ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆಯೂ ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ಕೆಳಗಿನ ದಂಡದ) ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು. ಸವೆತ ಹೆಚ್ಚಿರುವುದು ಮೇಲಿನ ರಿಂಗ್ ತಿರುಗಿ ಇಳಿಯುವ ಜಾಗದಲ್ಲಿ. ಅಲ್ಲಿ ಒತ್ತಡವೂ ಬಿಸಿಯೂ ಹೆಚ್ಚು, ಎಣ್ಣೆ ಕಡಿಮೆ. ಮೇಲಕ್ಕೂ ಕೆಳಕ್ಕೂ ವ್ಯಾಸದಲ್ಲಿ 0.1 ಮಿ.ಮೀ. ವ್ಯತ್ಯಾಸ ಬಂದಿದ್ದರೆ ಸುತ್ತಳತೆಯಲ್ಲಿ ಅದು 0.31 ಮಿ.ಮೀ. ಆಗುತ್ತದೆ. ಎಂದರೆ ರಿಂಗಿನ ಬಾಯಿ (ಅದರ ಎರಡು ತುದಿಗಳ ನಡುವಿನ ಸೀಳು) ಪ್ರತಿ ಸುತ್ತಿಗೂ ಅಷ್ಟು ತೆರೆದು ಮುಚ್ಚಬೇಕು, 3000 ಆರ್‌ಪಿಎಮ್‌ನಲ್ಲಿ ಸೆಕೆಂಡಿಗೆ 50 ಸಲ. ಮುಂದೆ ಹೇಳುವ ಬಾಲ್ ಹೋನ್ ಹೊಳಪು ತೆಗೆಯುತ್ತದೆಯೇ ಹೊರತು ಅಂಡಾಕಾರವಾದ ಬೋರನ್ನು ಗುಂಡಗೆ ಮಾಡುವುದಿಲ್ಲ. ಸವೆತ ಕೈಪಿಡಿಯ ಮಿತಿ ದಾಟಿದ್ದರೆ ಬೋರ್ ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕು. ಉಗುರಿಗೆ ಸಿಕ್ಕುವಷ್ಟು ಆಳದ ಉದ್ದಗೀರಿದ್ದರೂ ಅದೇ ದಾರಿ. ರಿಂಗ್ ತಲುಪದ ತುತ್ತತುದಿಯಲ್ಲಿ ಮೆಟ್ಟಿಲಿನಂಥ ಅಂಚು ಉಳಿದಿದ್ದರೆ ಪಿಸ್ಟನ್ ಹೊರತೆಗೆಯುವ ಮೊದಲೇ ಅದನ್ನು ರಿಡ್ಜ್ ರೀಮರ್‌ನಿಂದ ತೆಗೆಯಬೇಕು. ಇಲ್ಲದಿದ್ದರೆ ಹೊಸ ರಿಂಗಿನ ಚೂಪಾದ ಮೂಲೆ ಅಲ್ಲಿಗೆ ಬಡಿದು ಒಡೆಯುತ್ತದೆ.

ಹೊಳಪು ತೆಗೆಯಲು ಬಾಲ್ ಹೋನ್ ಸಾಕು: ನೈಲಾನ್ ಎಳೆಗಳ ತುದಿಗೆ ಸಾಣೆಪುಡಿಯ ಉಂಡೆಗಳಿರುವ ದೊಡ್ಡ ಬ್ರಷ್. ಸಾಮಾನ್ಯ ಕೆಲಸಕ್ಕೆ 180ರಿಂದ 240 ಗ್ರಿಟ್ (ಸಾಣೆಪುಡಿಯ ನಯದ ಅಳತೆ, ಅಂಕಿ ಹೆಚ್ಚಿದಷ್ಟೂ ನಯ) ನಡೆಯುತ್ತದೆ. ಮಾಲಿಬ್ಡಿನಮ್ ಮುಖದ ರಿಂಗಿಗೆ ನಯವಾದ ಗ್ರಿಟ್ ಬೇಕು. ರಿಂಗಿನ ಪೊಟ್ಟಣದ ಮೇಲೆ ಬರೆದದ್ದೇ ಅಂತಿಮ. ಕ್ರ್ಯಾಂಕ್ ಬಿಚ್ಚಿಟ್ಟು ಕೆಲಸ ಮಾಡುವುದು ಕ್ಷೇಮ. ಸಾಧ್ಯವೇ ಇಲ್ಲವೆಂದರೆ ಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಕೆಳಗೆ ಬಿಗಿಯಾಗಿ ತುರುಕಿ, ಎಣ್ಣೆಯ ದಾರಿಗಳನ್ನೆಲ್ಲ ಮುಚ್ಚಬೇಕು. ಗೋಡೆಗೂ ಹೋನಿಗೂ ಹೋನಿಂಗ್ ಎಣ್ಣೆ ಧಾರಾಳವಾಗಿ ಹಾಕಿ. ಒಣಗಿದ ಹೋನ್ ಕತ್ತರಿಸುವ ಬದಲು ಲೋಹವನ್ನು ಹರಿದು ಮೆತ್ತುತ್ತದೆ.

ಗೀರುಗಳ ನಡುವೆ ಸುಮಾರು 45 ಡಿಗ್ರಿ ಕೋನ ಬರಬೇಕು ಎಂಬುದು ರೂಢಿಯ ಲೆಕ್ಕ. ಆದರೆ ಡ್ರಿಲ್ ಹಿಡಿದವರು ಸಾಮಾನ್ಯವಾಗಿ ಎಡವುವುದು ಇಲ್ಲೇ. 80 ಮಿ.ಮೀ. ಬೋರಿನಲ್ಲಿ ಡ್ರಿಲ್ 400 ಆರ್‌ಪಿಎಮ್ ತಿರುಗುತ್ತಿದ್ದರೆ ಗೋಡೆಯ ಮೇಲೆ ಉಂಡೆಗಳ ವೇಗ ನಿಮಿಷಕ್ಕೆ 100 ಮೀಟರ್. ಕೈಯನ್ನು 130 ಮಿ.ಮೀ. ಉದ್ದಕ್ಕೆ ಸೆಕೆಂಡಿಗೆ ಒಂದು ಸಲ ಮೇಲೆ ಕೆಳಗೆ ಆಡಿಸಿದರೆ ಆ ದಿಕ್ಕಿನ ವೇಗ ನಿಮಿಷಕ್ಕೆ 15.6 ಮೀಟರ್ ಮಾತ್ರ, ಹಾಗಾಗಿ ಗೀರುಗಳ ನಡುವಿನ ಕೋನ 18 ಡಿಗ್ರಿಯ ಆಸುಪಾಸು ನಿಲ್ಲುತ್ತದೆ. 45 ಬೇಕೆಂದರೆ ನಿಮಿಷಕ್ಕೆ 160 ಸಲ ಆಡಿಸಬೇಕು, ಕೈಗೆ ಅದು ಹೆಚ್ಚೇ ಆಯಿತು. ಡ್ರಿಲ್ಲನ್ನು 200ಕ್ಕೆ ಇಳಿಸಿ, 80 ಸಲ ಆಡಿಸಿದರೆ ಅದೇ 45 ಬರುತ್ತದೆ. ಕೋನ ತೀರಾ ಚಪ್ಪಟೆಯಾದರೆ ರಿಂಗ್ ಗೀರಿನಿಂದ ಗೀರಿಗೆ ತಡವರಿಸುತ್ತದೆ, ತೀರಾ ಕಡಿದಾದರೆ ಎಣ್ಣೆ ಗೋಡೆಯ ಮೇಲೆ ನಿಲ್ಲದೆ ಇಳಿದುಹೋಗುತ್ತದೆ.

ಹೋನ್ ತಿರುಗುತ್ತಿರುವಾಗಲೇ ಒಳಗೆ ಹೋಗಬೇಕು, ತಿರುಗುತ್ತಿರುವಾಗಲೇ ಹೊರಗೆ ಬರಬೇಕು. ಒಳಗೇ ನಿಲ್ಲಿಸಿ ಎಳೆದರೆ ಉದ್ದುದ್ದ ಗೀರು ಬೀಳುತ್ತದೆ. ಹತ್ತಿಪ್ಪತ್ತು ಸೆಕೆಂಡ್ ಉಜ್ಜಿ, ಒರೆಸಿ, ಬೆಳಕು ಹಿಡಿದು ನೋಡಿ. ಎಲ್ಲ ಕಡೆಯೂ ಒಂದೇ ಸಮನಾದ ಮಂದ ಬೂದುಬಣ್ಣ ಬಂದಾಗ ನಿಲ್ಲಿಸಿ. ಇನ್ನೂ ಚೆನ್ನಾಗಿರಲಿ ಎಂದು ಮುಂದುವರಿಸಿದಷ್ಟೂ ಬೋರ್ ದೊಡ್ಡದಾಗುತ್ತದೆ.

ಉಜ್ಜಿದ್ದು ನಿಮಿಷಗಳ ಕೆಲಸ. ತೊಳೆಯುವುದಕ್ಕೆ ಅದರ ಹತ್ತು ಪಟ್ಟು ಹೊತ್ತು ಕೊಡಬೇಕು. ಹೊಸ ಗೀರುಗಳ ತಗ್ಗಿನಲ್ಲಿ ಈಗ ಕಬ್ಬಿಣದ ಪುಡಿಯೂ ಸಾಣೆಯ ಹರಳುಗಳೂ ಕೂತಿವೆ. ಆ ಹರಳುಗಳು ಕಬ್ಬಿಣಕ್ಕಿಂತ ಗಟ್ಟಿ. ಎಂಜಿನ್ ಎಣ್ಣೆಯೊಡನೆ ಬೆರೆತರೆ ರಿಂಗನ್ನೂ ಬೇರಿಂಗನ್ನೂ ತಿನ್ನುವ ಗ್ರೈಂಡಿಂಗ್ ಪೇಸ್ಟೇ ಸರಿ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್‌ಗಳಿಂದ ಒರೆಸಿದರೆ ಗೋಡೆ ಶುಭ್ರವಾಗಿ ಕಾಣುತ್ತದೆ, ಅಷ್ಟೇ. ಅವು ಜಿಡ್ಡನ್ನು ಕರಗಿಸಿ ಹರಿದುಹೋಗುತ್ತವೆ, ಹರಳುಗಳು ತಗ್ಗಿನಲ್ಲೇ ಉಳಿಯುತ್ತವೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಗಡುಸು ಎಳೆಯ ಬ್ರಷ್ ಇವೇ ಬೇಕು. ಸೋಪು ಜಿಡ್ಡನ್ನೂ ಅದಕ್ಕೆ ಅಂಟಿದ ಕಣವನ್ನೂ ಸುತ್ತುವರಿದು ನೀರಿನ ಜೊತೆ ಎತ್ತಿಕೊಂಡು ಹೋಗುತ್ತದೆ. ನೊರೆ ಬೂದಾದಾಗ ನೀರು ಬದಲಿಸಿ ಮತ್ತೆ ಉಜ್ಜಿ. ಸಿಲಿಂಡರಿನ ಕೆಳಬಾಯಿ, ಎಣ್ಣೆಯ ದಾರಿಗಳು, ಬೋಲ್ಟಿನ ತೂತುಗಳನ್ನು ಮರೆಯಬೇಡಿ.

ನೀರು ಆರಿದ ತಕ್ಷಣ ಕಬ್ಬಿಣ ನೋಡನೋಡುತ್ತಲೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಒರೆಸಿದ ಕೂಡಲೇ ತೆಳುವಾದ ಎಣ್ಣೆ ಹಚ್ಚಿ. ಆಟೊಮ್ಯಾಟಿಕ್ ಗೇರಿನ ಕೆಂಪು ಎಣ್ಣೆಯಾದರೆ ಇನ್ನೂ ಒಳ್ಳೆಯದು, ತಗ್ಗಿನಲ್ಲಿ ಉಳಿದ ಪುಡಿ ಮೇಲೆದ್ದು ಬರುತ್ತದೆ. ಈಗ ಎಳೆ ಬಿಡದ ಬಿಳಿ ಬಟ್ಟೆಯಿಂದ ಒತ್ತಿ ಒರೆಸಿ. ಬಟ್ಟೆಯಲ್ಲಿ ಬೂದುಛಾಯೆ ಕಂಡರೆ ಮತ್ತೆ ಸೋಪುನೀರು. ಬಟ್ಟೆಗೆ ಎಣ್ಣೆಯ ಬಣ್ಣ ಬಿಟ್ಟು ಬೇರೇನೂ ಹತ್ತದಿರುವ ತನಕ ಇದನ್ನು ಬಿಡುವಂತಿಲ್ಲ.

ಜೋಡಿಸುವ ಮುನ್ನ ರಿಂಗಿನ ಬಾಯಿ ಅಳೆಯಿರಿ. ರಿಂಗನ್ನು ಬೋರಿನೊಳಗಿಟ್ಟು, ತಲೆಕೆಳಗಾದ ಪಿಸ್ಟನ್ನಿನಿಂದ ನೇರವಾಗಿ ತಳ್ಳಿ, ಸಂದು ಅಳೆಯುವ ತೆಳು ತಗಡು, ಎಂದರೆ ಫೀಲರ್ ಗೇಜ್, ಬಾಯಿಗೆ ತೂರಿಸಿ. ಕೈಪಿಡಿ ಸಿಗದಿದ್ದರೆ ಮೇಲಿನ ರಿಂಗಿಗೆ ವ್ಯಾಸದ 0.4 ಶೇಕಡಾ, ಅಂದರೆ 80 ಮಿ.ಮೀ.ಗೆ 0.32 ಮಿ.ಮೀ. ಎಂಬ ಅಂದಾಜು ಬಳಕೆಯಲ್ಲಿದೆ. ಸವೆದ ಬೋರಿನಲ್ಲಿ ಇದನ್ನು ರಿಂಗ್ ಇಳಿಯುವ ಕೆಳತುದಿಯಲ್ಲೇ ಅಳೆಯಬೇಕು, ಬೋರ್ ಕಿರಿದಾಗಿರುವುದು ಅಲ್ಲಿ. ಬಾಯಿ ಸಾಲದೆ ಬಿಸಿಗೆ ತುದಿಗಳು ತಾಗಿದರೆ ರಿಂಗ್ ಸಿಕ್ಕಿಹಾಕಿಕೊಂಡು ಗೋಡೆಯನ್ನು ಸೀಳುತ್ತದೆ.

ಶುರುಮಾಡಿದ ಮೇಲೆ ತುಂಬ ಹೊತ್ತು ನ್ಯೂಟ್ರಲ್‌ನಲ್ಲಿ ಮೆಲ್ಲಗೆ ಓಡಿಸಿ ಪಳಗಿಸುವ ಅಭ್ಯಾಸ ಅನೇಕರಿಗಿದೆ. ಅದು ರಿಂಗಿಗೆ ವಿರುದ್ಧ. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗಿಗಿಂತ ಹೆಚ್ಚಾಗಿ ಅದರ ಹಿಂದೆ ನುಗ್ಗುವ ಉರಿಯುವ ಅನಿಲ. ಭಾರವಿಲ್ಲದೆ ಓಡುವ ಎಂಜಿನ್ನಿನಲ್ಲಿ ಆ ಒತ್ತಡ ಕಡಿಮೆ, ಎಣ್ಣೆ ಬೆಂದು ಹೊಸ ಗ್ಲೇಜ್ ಕಟ್ಟುತ್ತದೆ. ಸದಾ ಕಡಿಮೆ ಲೋಡಿನಲ್ಲಿ ಓಡುವ ಡೀಸೆಲ್ ಜನರೇಟರ್‌ಗಳಿಗೆ ಈ ರೋಗ ತಗಲುವುದು ಇದೇ ಕಾರಣಕ್ಕೆ. ಎಂಜಿನ್ ಬಿಸಿಯಾದ ಕೂಡಲೇ ಮಧ್ಯಮ ಭಾರ ಹೊರಿಸಿ, ವೇಗ ಏರಿಸಿ ಇಳಿಸಿ ಓಡಿಸಬೇಕು. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಬೇಡ, ಉಸಿರುಗಟ್ಟುವಷ್ಟು ಭಾರವೂ ಬೇಡ. ಪಳಗಿಸುವ ಹೊತ್ತಿಗೆ ಸಾದಾ ಮಿನರಲ್ ಎಣ್ಣೆ ಹಾಕಿ, ಅದನ್ನೂ ಫಿಲ್ಟರನ್ನೂ ಬೇಗನೆ ಬದಲಿಸಬೇಕು. ಬಿಚ್ಚಿದ ಫಿಲ್ಟರಿನ ಕಾಗದವನ್ನು ಕತ್ತರಿಸಿ ಬಿಸಿಲಿನಲ್ಲಿ ಹರಡಿ ನೋಡಿದರೆ ತೊಳೆದದ್ದು ಸಾಕಾಗಿತ್ತೋ ಇಲ್ಲವೋ ತಿಳಿಯುತ್ತದೆ.