ರೆಸಿಡ್ಯುಯಲ್ ಸ್ಟ್ಯಾಂಡ್ ಡ್ಯಾಮೇಜ್: ಕಡಿಯದೇ ಬಿಟ್ಟ ಮರಕ್ಕೆ ಬೀಳೋ ಪೆಟ್ಟು

ಅಡಿಕೆ ತೋಟದ ಅಂಚಲ್ಲಿರೋ ಹಲಸಿನ ಮರ ಕಡೀಬೇಕು ಅಂದ್ರೆ ಮಲೆನಾಡಲ್ಲಿ ಸೀದಾ ಬುಡಕ್ಕೆ ಗರಗಸ ಹಾಕಲ್ಲ, ಮೊದ್ಲು ಒಬ್ಬ ಹತ್ತಿ ಕೊಂಬೆ ಸವರ್ತಾನೆ, ಆಮೇಲೆ ಹಗ್ಗ ಕಟ್ಟಿ ಖಾಲಿ ಜಾಗದ ಕಡೆ ಎಳೀತಾರೆ, ಇಲ್ಲಾಂದ್ರೆ ಒಂದು ಹಲಸಿನ ಜೊತೆ ಸಾಲು ಅಡಿಕೆ ಮರಾನೇ ಹೋಗುತ್ತೆ. ಕಾಡಲ್ಲಿ ನಾಟಾ ಕಡಿಯುವಾಗ ಈ ಜೋಪಾನ ಇಲ್ಲದೇ ಅಕ್ಕಪಕ್ಕದ ಮರಗಳಿಗೆ ಆಗೋ ಹಾನಿಗೇ ರೆಸಿಡ್ಯುಯಲ್ ಸ್ಟ್ಯಾಂಡ್ ಡ್ಯಾಮೇಜ್ ಅಂತಾರೆ. ಸ್ಟ್ಯಾಂಡ್ ಅಂದ್ರೆ ಒಂದು ಜಾಗದಲ್ಲಿ ನಿಂತಿರೋ ಮರಗಳ ಗುಂಪು, ರೆಸಿಡ್ಯುಯಲ್ ಅಂದ್ರೆ ಕಡಿದ ಮೇಲೆ ಉಳಿದಿದ್ದು.

ಉಷ್ಣವಲಯದ ಕಾಡಲ್ಲಿ ಹೆಚ್ಚಾಗಿ ಬೆಲೆಬಾಳೋ ದೊಡ್ಡ ಮರ ಮಾತ್ರ ಆರಿಸಿ ಕಡೀತಾರೆ, ಅದಕ್ಕೇ "ನಾಲ್ಕು ಮರ ತಾನೇ" ಅನ್ಸುತ್ತೆ. ಬ್ರೆಜಿಲ್‌ನ ಪರಾಗೊಮಿನಾಸ್ ಹತ್ರ 1980ರ ದಶಕದಲ್ಲಿ ಲೆಕ್ಕ ಹಾಕಿದಾಗ ಕಡಿದಿದ್ದು ನೂರಕ್ಕೆ 1–2 ಮರ, ಸತ್ತಿದ್ದು ಅಥವಾ ಪೆಟ್ಟು ತಿಂದಿದ್ದು ನೂರಕ್ಕೆ 26! ಅದರಲ್ಲಿ 12 ಮರದ ತಲೇನೇ ಮುರಿದಿತ್ತು, 11 ಬುಲ್ಡೋಜರ್‌ಗೆ ಬುಡಸಮೇತ ಕಿತ್ತು ಬಂದಿತ್ತು, ಉಳಿದವು ತೊಗಟೆ ಕಿತ್ತುಕೊಂಡು ನಿಂತಿದ್ವು. ನನಗಂತೂ ಬೊಡ್ಡೆ ಎಣಿಸಿ ಕಾಡಿನ ಸ್ಥಿತಿ ಹೇಳೋದು ಶುದ್ಧ ತಪ್ಪು ಅನ್ಸುತ್ತೆ.

ಯಾಕೆ ಇಷ್ಟೊಂದು? ಒಂದು ಕಾರಣ ಬಳ್ಳಿ. ತೊಡೆ ಗಾತ್ರದ ಬಳ್ಳಿಗಳು ಒಂದು ಮರದ ನೆತ್ತಿಯಿಂದ ಇನ್ನೊಂದಕ್ಕೆ ಹಬ್ಬಿರುತ್ತೆ, ಒಂದು ಉರುಳಿದ್ರೆ ಪಕ್ಕದ್ದನ್ನೂ ಎಳ್ಕೊಂಡೇ ಬೀಳುತ್ತೆ. ಆಮೇಲೆ ದಿಮ್ಮಿ ಎಳೆಯೋ ದಾರಿ, ತಿರುವಲ್ಲಿ ದಿಮ್ಮಿಯ ತುದಿ ಪಕ್ಕದ ಮರದ ಬುಡಕ್ಕೆ ಉಜ್ಜಿ ಮೊಣಕಾಲೆತ್ತರಕ್ಕೆ ತೊಗಟೆ ಸುಲಿದು ಒಳಗಿನ ಬಿಳಿ ಕಟ್ಟಿಗೆ ಕಾಣುತ್ತೆ. ಮರ ಹಸಿರಾಗೇ ಇರುತ್ತೆ, ಆದ್ರೆ ಆ ಗಾಯದಿಂದ ಅಣಬೆ, ಗೆದ್ದಲು ಒಳಗೆ ಸೇರಿ ಎಷ್ಟೋ ವರ್ಷದ ಮೇಲೆ ಗಾಳಿಗೆ ಮುರಿದು ಬಿದ್ದಾಗ ಯಾರೂ ಅದನ್ನ ಕಟಾವಿನ ಲೆಕ್ಕಕ್ಕೆ ಸೇರಿಸಲ್ಲ.

ತಪ್ಪಿಸೋಕೆ ಆಗಲ್ವಾ ಅಂದ್ರೆ, ಬಹಳಷ್ಟು ಆಗುತ್ತೆ. ಬೋರ್ನಿಯೋ ದ್ವೀಪದಲ್ಲಿರೋ ಮಲೇಷ್ಯಾದ ಸಬಾ ರಾಜ್ಯದಲ್ಲಿ 1990ರ ದಶಕದ ಶುರುವಲ್ಲಿ ಮೊದಲೇ ಮರಗಳ ಮ್ಯಾಪ್ ಮಾಡಿ, ತಿಂಗಳುಗಟ್ಟಲೆ ಮುಂಚೆ ಬಳ್ಳಿ ಕಡಿದು ಒಣಗಿಸಿ, ಎಳೆಯೋ ದಾರಿ ಗುರುತು ಹಾಕಿ, ಬೀಳೋ ದಿಕ್ಕು ನೋಡಿ ಕಡಿದ್ರು, ಹಳೇ ಪದ್ಧತೀಲಿ ಉಳಿದ ಮರಗಳಲ್ಲಿ ನೂರಕ್ಕೆ ಸುಮಾರು 41ಕ್ಕೆ ಹಾನಿ ಆಗ್ತಿದ್ರೆ ಇಲ್ಲಿ ಸುಮಾರು 15ಕ್ಕೆ ಇಳೀತು. ನಮ್ಮ ತೋಟದ ಬುದ್ಧೀನೇ ಇದು, ಕಾಡಿನ ಅಳತೇಲಿ ಮಾಡಿದ್ದಷ್ಟೇ.

ಆದ್ರೆ ಇದಕ್ಕೂ ಮಿತಿ ಇದೆ. ಇಂಡೋನೇಷ್ಯಾದ ಪೂರ್ವ ಕಾಲಿಮಂತಾನ್‌ನಲ್ಲಿ ನೋಡಿದ್ರೆ ಹೆಕ್ಟೇರಿಗೆ 8 ಮರಕ್ಕಿಂತ ಜಾಸ್ತಿ ಕಡಿದಾಗ ಎಷ್ಟು ಜಾಗ್ರತೆ ಮಾಡಿದ್ರೂ ಅದರ ಲಾಭ ಅಷ್ಟಕ್ಕಷ್ಟೇ. 1990ರ ದಶಕದಲ್ಲಿ ಅಲ್ಲಿದ್ದ ನಿಯಮದ ಪ್ರಕಾರ ಮುಂದಿನ ಕಟಾವು 35 ವರ್ಷದ ಮೇಲೆ ಆಗ್ಬೇಕಿತ್ತು, ಅಷ್ಟೊತ್ತಿಗೆ ಕಡಿಯೋಕೆ ಸಿಗಬೇಕಾಗಿದ್ದಿದ್ದು ಮೊದಲ ಕಟಾವಲ್ಲಿ ಪೆಟ್ಟು ತಿಂದು ನಿಂತ ಇದೇ ಮರಗಳು.