ಎರಡು ಸೆನ್ಸರ್ ಬದಲಿಸಿದರೂ ಆರದ ದೀಪ

ಕೊರಟಗೆರೆ ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು ಕಳೆದ ಆಷಾಢದಲ್ಲಿ ತುಮಕೂರಿನ ಅಂತರಸನಹಳ್ಳಿಯ ನಮ್ಮ ಗ್ಯಾರೇಜಿಗೆ 2009ರ ಪೆಟ್ರೋಲ್ ಎಸ್‌ಯುವಿ ತಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಕಳಚಿದ ಎರಡು ಆಕ್ಸಿಜನ್ ಸೆನ್ಸರ್, ನಾಲ್ಕು ಸ್ಪಾರ್ಕ್ ಪ್ಲಗ್, ಒಂದು ಏರ್ ಫಿಲ್ಟರ್. "ಸ್ವಾಮಿ, ಇಷ್ಟನ್ನೂ ಹೊಸದು ಹಾಕಿಸಿದ್ದೇನೆ. ಇಂಜೆಕ್ಟರ್ ತೊಳೆಸಿದ್ದೇನೆ. ಮೂರನೆಯ ದಿನಕ್ಕೆ ಮೀಟರ್ ಬೋರ್ಡಿನ ಆ ಹಳದಿ ಎಂಜಿನ್ ದೀಪ ಮತ್ತೆ ಹತ್ತುತ್ತದೆ. ದೇವರಾಯನದುರ್ಗದ ಏರಿನಲ್ಲಿ ಗಾಡಿ ಉಸಿರು ಕಟ್ಟಿದಂತೆ ಆಡುತ್ತದೆ" ಎಂದರು.

ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ತೋರಿಸಿದ್ದು ಪಿ0171. ಮಿಶ್ರಣ ತೆಳುವಾಗಿದೆ, ಅಂದರೆ ಒಳಗೆ ಹೋದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸೇರುತ್ತಿಲ್ಲ ಎಂದು ಆ ಕೋಡಿನ ಅರ್ಥ. ಅದು ಯಾವ ಬಿಡಿಭಾಗದ ಹೆಸರನ್ನೂ ಹೇಳುವುದಿಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಈ ಸುದ್ದಿ ಮುಟ್ಟಿಸುವುದು ಆಕ್ಸಿಜನ್ ಸೆನ್ಸರ್. ಸುದ್ದಿ ತಂದದ್ದಕ್ಕೆ ಅದನ್ನೇ ಕಿತ್ತೆಸೆಯುವುದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಏಕೆಂದರೆ ಅದಕ್ಕೆ ತೆತ್ತದ್ದು ಗ್ರಾಹಕರ ದುಡಿಮೆಯ ಹಣ. ಸೆನ್ಸರ್ ಬದುಕಿದೆಯೇ ಎಂದು ತಿಳಿಯಲು ಎರಡು ನಿಮಿಷ ಸಾಕು. ಬಿಸಿಯಾದ ಎಂಜಿನ್ನಿನ ಗಾಳಿದಾರಿಗೆ ಸ್ವಲ್ಪ ಇಂಧನ ಅನಿಲ ಬಿಟ್ಟರೆ, 0.1 ವೋಲ್ಟಿನಲ್ಲಿ ಕುಳಿತಿದ್ದ ಸೆನ್ಸರ್ ತಟ್ಟನೆ 0.8 ದಾಟಬೇಕು. ಯಜಮಾನರ ಚೀಲದಲ್ಲಿದ್ದ ಮುಂಭಾಗದ ಹಳೆಯ ಸೆನ್ಸರ್ ಅನ್ನೇ ಮತ್ತೆ ಕೂರಿಸಿ ನೋಡಿದೆ. ಅದು ಹೊಸದರಷ್ಟೇ ಚುರುಕಾಗಿತ್ತು.

ನಾನು ಮೊದಲು ನೋಡುವುದು ಫ್ಯುಯೆಲ್ ಟ್ರಿಮ್ ಎಂಬ ಅಂಕಿಯನ್ನು. ಮಿಶ್ರಣ ತೆಳುವಾದಾಗ ಎಂಜಿನ್ನಿನ ಕಂಪ್ಯೂಟರ್ ಸುಮ್ಮನಿರುವುದಿಲ್ಲ, ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಹೆಚ್ಚಿಸಿ ಕೊರತೆ ತುಂಬುತ್ತದೆ. ಎಷ್ಟು ಹೆಚ್ಚಿಸಿತು ಎಂಬ ಲೆಕ್ಕವೇ ಟ್ರಿಮ್. ಆ ಕ್ಷಣದ ತಿದ್ದುಪಡಿ ಒಂದು, ದಿನಗಳಿಂದ ಕಲಿತದ್ದು ಇನ್ನೊಂದು. ಎರಡನ್ನೂ ಕೂಡಿದಾಗ ಶೇ 10ರೊಳಗೆ ಇದ್ದರೆ ಹಳೆಯ ಗಾಡಿಗೆ ನೆಮ್ಮದಿ. ಶೇ 20-25 ದಾಟಿ ಅಲ್ಲೇ ನಿಂತರೆ ಕಂಪ್ಯೂಟರ್ ಕೈಚೆಲ್ಲಿ ದೀಪ ಹತ್ತಿಸುತ್ತದೆ. ಈ ಅಂಕಿಯನ್ನು ಒಂದೇ ಸ್ಥಿತಿಯಲ್ಲಿ ನೋಡಿದರೆ ಏನೂ ತಿಳಿಯದು. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ಓಡುವಾಗ, ಆಮೇಲೆ ನಿಂತಲ್ಲೇ 2500 ಆರ್‌ಪಿಎಂನಲ್ಲಿ, ಕೊನೆಗೆ ಭಾರ ಎಳೆಯುವಾಗ, ಹೀಗೆ ಮೂರು ಕಡೆ ಬರೆದುಕೊಳ್ಳಬೇಕು.

ಅವರ ಗಾಡಿಯಲ್ಲಿ ಐಡ್ಲಿಂಗ್‌ನಲ್ಲಿ 28, 2500ರಲ್ಲಿ 14. ಐಡ್ಲಿಂಗ್‌ನಲ್ಲಿ ಜಾಸ್ತಿಯಿದ್ದು ವೇಗ ಹೆಚ್ಚಿದಂತೆ ಇಳಿದರೆ ಎಲ್ಲೋ ಕಳ್ಳಗಾಳಿ, ಅಂದರೆ ಸೆನ್ಸರಿನ ಅಳತೆಗೆ ಸಿಗದ ಗಾಳಿ, ನುಗ್ಗುತ್ತಿದೆ ಎಂದೇ ಲೆಕ್ಕ. ಗಾಳಿಯನ್ನು ಒಳಬಿಡುವ ಬಾಗಿಲಾದ ಥ್ರಾಟಲ್ ಮುಚ್ಚಿರುವಾಗ ಎಂಜಿನ್ ಕುಡಿಯುವ ಗಾಳಿಯೇ ಕಡಿಮೆ, ಒಳಗಿನ ಹೀರುವ ಬಲ ಮಾತ್ರ ಜೋರು. ಆಗ ಸಣ್ಣ ಸೀಳಿನಿಂದ ಬಂದ ಗಾಳಿಯೂ ದೊಡ್ಡ ಪಾಲಾಗುತ್ತದೆ. ಥ್ರಾಟಲ್ ತೆರೆದಾಗ ಅದೇ ಸೀಳು ಲೆಕ್ಕಕ್ಕಿಲ್ಲ. ಒಂದು ಎಚ್ಚರಿಕೆ: ಇದು ಗಾಳಿಯ ಹರಿವನ್ನು ಅಳೆಯುವ ಸೆನ್ಸರ್ ಇರುವ ಎಂಜಿನ್ನಿನ ಮಾತು. ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಾದ ಮ್ಯಾನಿಫೋಲ್ಡಿನ ಒತ್ತಡ ನೋಡಿ ಲೆಕ್ಕ ಹಾಕುವ ಗಾಡಿಗಳಲ್ಲಿ ಕಳ್ಳಗಾಳಿಯೂ ಲೆಕ್ಕಕ್ಕೆ ಸಿಗುವುದರಿಂದ, ಮಿಶ್ರಣ ತೆಳುವಾಗುವ ಬದಲು ಐಡ್ಲಿಂಗ್ ವೇಗವೇ ಏರುವುದು ಹೆಚ್ಚು.

ಸೀಳು ಹುಡುಕಲು ಬಿಸಿ ಎಂಜಿನ್ನಿನ ಮೇಲೆ ಕಾರ್ಬ್ಯುರೇಟರ್ ಸ್ಪ್ರೇ ಹೊಡೆಯುವ ಅಭ್ಯಾಸ ಎಲ್ಲೆಡೆ ಇದೆ. ಎಕ್ಸಾಸ್ಟಿಗೆ ತಗುಲಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ನಮ್ಮ ಹುಡುಗರಿಗೆ ನಾನು ಅದನ್ನು ಬಿಡಿಸಿದ್ದೇನೆ. ಎಂಜಿನ್ ನಿಲ್ಲಿಸಿ, ಗಾಳಿದಾರಿಗೆ ಯಂತ್ರದಿಂದ ಹೊಗೆ ತುಂಬಿ, ಟಾರ್ಚ್ ಹಿಡಿದು ಕಾಯುವುದು ಕ್ಷೇಮ. ಐದು ನಿಮಿಷದಲ್ಲಿ ಮ್ಯಾನಿಫೋಲ್ಡಿನ ಕೆಳಗಿನಿಂದ ಹೊಗೆಯ ಎಳೆ ಎದ್ದಿತು. ಕ್ರ್ಯಾಂಕ್‌ಕೇಸಿನ ಆವಿಯನ್ನು ಒಳಕ್ಕೆ ಒಯ್ಯುವ ಪಿಸಿವಿ ಹೋಸಿನ ಮೊಣಕೈ ಅದು. ಮೇಲಿನಿಂದ ನೋಡಿದರೆ ಹೊಸದರಂತಿದೆ. ಕೈ ತೂರಿಸಿ ಅಡಿಭಾಗ ಮುಟ್ಟಿದರೆ ಆಯಿಲ್ ಆವಿಗೆ ಉಬ್ಬಿ, ಮೆತ್ತಗಾಗಿ, ಬೆರಳುಗುರು ಹೋಗುವಷ್ಟು ಸೀಳಿತ್ತು. ಹೋಸ್ ಬದಲಿಸಿದೆವು. ಐಡ್ಲಿಂಗ್ ಟ್ರಿಮ್ 7ಕ್ಕೆ ಇಳಿಯಿತು.

ಇಲ್ಲಿಗೇ ಗಾಡಿ ಕೊಟ್ಟು ಕಳಿಸಿದ್ದರೆ ನಾಲ್ಕನೆಯ ದಿನ ಅವರು ಮತ್ತೆ ಬಂದು ನಿಲ್ಲುತ್ತಿದ್ದರು. ಅವರು ಹೇಳಿದ್ದು ಏರಿನ ಮಾತು. ಕಳ್ಳಗಾಳಿ ಏರಿನಲ್ಲಿ ಇಷ್ಟು ಕಾಡುವುದಿಲ್ಲ.

ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೊರಟೆ. ಪೆಟ್ರೋಲ್ ಒತ್ತಡದ ಮೀಟರನ್ನು ಉದ್ದದ ಹೋಸಿಗೆ ಜೋಡಿಸಿ ಗಾಜಿನ ಹೊರಗೆ ಕಟ್ಟಿದ್ದೆ. ಅದನ್ನು ಎಂದೂ ಕ್ಯಾಬಿನ್ನಿನೊಳಗೆ ತರಬಾರದು. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿಯುವಂತಿಲ್ಲ. ತುಳಿದರೆ ಕಂಪ್ಯೂಟರ್ ಸೆನ್ಸರ್ ಮಾತು ಕೇಳುವುದನ್ನು ಬಿಟ್ಟು ತನ್ನದೇ ಪಟ್ಟಿಯಂತೆ ಪೆಟ್ರೋಲ್ ಸುರಿಯುತ್ತದೆ, ಟ್ರಿಮ್ ಅಲ್ಲೇ ನಿಂತುಬಿಡುತ್ತದೆ. ಮೂರನೆಯ ಗೇರಿನಲ್ಲಿ, ಅರ್ಧ ಆಕ್ಸಿಲರೇಟರಿನಲ್ಲಿ ಒಂದೇ ಸಮನೆ ಹತ್ತಿಸಿದೆ. ಟ್ರಿಮ್ 22ಕ್ಕೆ ಏರಿತು. ನಿಂತಲ್ಲಿ 3.5 ಬಾರ್ ಇದ್ದ ಒತ್ತಡ 2.6ಕ್ಕೆ ಕುಸಿಯಿತು. ಒತ್ತಡ ಅಷ್ಟು ಬಿದ್ದರೆ ಇಂಜೆಕ್ಟರಿನಿಂದ ಹೊರಬೀಳುವ ಪೆಟ್ರೋಲ್ ಸುಮಾರು ಶೇ 14 ಕಡಿಮೆಯಾಗುತ್ತದೆ. ಮೊದಲೇ ಇದ್ದ 7ರ ಮೇಲೆ ಈ ಕೊರತೆ ಸೇರಿಸಿ ನೋಡಿ, ಲೆಕ್ಕ ತಾಳೆಯಾಗುತ್ತದೆ. ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಧೂಳು ಕುಳಿತಾಗಲೂ ಭಾರದಲ್ಲಿ ಟ್ರಿಮ್ ಹೀಗೇ ಏರುತ್ತದೆ. ಒತ್ತಡದ ಮೀಟರ್ ಇಲ್ಲದೆ ಎರಡನ್ನೂ ಬೇರ್ಪಡಿಸುವುದು ಕಷ್ಟ.

ತಪ್ಪನ್ನು ಟ್ಯಾಂಕಿನಿಂದ ಪೆಟ್ರೋಲ್ ಎತ್ತುವ ಪಂಪಿನ ತಲೆಗೆ ಕಟ್ಟುವ ಮೊದಲು ಅದಕ್ಕೆ ಕರೆಂಟ್ ಸರಿಯಾಗಿ ತಲುಪುತ್ತಿದೆಯೇ ಎಂದು ನೋಡಿದೆ. 13.4 ವೋಲ್ಟ್ ಇತ್ತು, ಅರ್ತ್ ಗಟ್ಟಿಯಾಗಿತ್ತು. ಟ್ಯಾಂಕಿನಿಂದ ಪಂಪ್ ಎತ್ತಿದಾಗ ಕೆಳಗಿನ ಜಾಲರಿಗೆ ಕಂದು ಜಿಗುಟು ಮೆತ್ತಿಕೊಂಡಿತ್ತು. ವರ್ಷಗಟ್ಟಲೆ ಅದೇ ಜಾಲರಿಯ ಮೂಲಕ ಹೀರಿ ಹೀರಿ ಪಂಪ್ ಸಹ ಸೋತಿತ್ತು.

ಆ ಜಿಗುಟಿನ ವಿಷಯವಾಗಿ ಎಥನಾಲ್ ಬಗ್ಗೆ ಹೇಳಬೇಕು. 2023ರ ಫೆಬ್ರುವರಿ 6ರಂದು ಪ್ರಧಾನಿಯವರು ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆಯನ್ನು ಉದ್ಘಾಟಿಸಿದ್ದು ನಮ್ಮ ಜಿಲ್ಲೆಯವರಿಗೆಲ್ಲ ನೆನಪಿದೆ. ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಬೆಂಗಳೂರಿನಲ್ಲಿ ಚಾಲನೆ ಕೊಟ್ಟದ್ದೂ ಅದೇ ದಿನ. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ ಸುಮಾರು 9 ಸಾಕು. ಹೀಗಾಗಿ ಅಷ್ಟೇ ಗಾಳಿಗೆ ಈ ಮಿಶ್ರ ಇಂಧನವನ್ನು ಶೇ 7-8ರಷ್ಟು ಹೆಚ್ಚು ಸುರಿಯಬೇಕಾಗುತ್ತದೆ. ಹಳೆಯ ಎಂಜಿನ್ನಿಗೆ ಇದೂ ತೆಳು ಮಿಶ್ರಣವಾಗಿಯೇ ಕಾಣುತ್ತದೆ. ಅಂದರೆ ಕಂಪ್ಯೂಟರಿನ ಕೈಯಲ್ಲಿದ್ದ ಉಳಿಕೆಯ ಮೂರನೆಯ ಒಂದು ಪಾಲು ಬಂಕಿನಲ್ಲೇ ಖರ್ಚಾಗುತ್ತದೆ. ಇದೊಂದರಿಂದಲೇ ದೀಪ ಹತ್ತುವುದಿಲ್ಲ. ಮೊದಲು ತಡೆದುಕೊಳ್ಳುತ್ತಿದ್ದ ಸಣ್ಣ ಸೀಳು ಈಗ ದೀಪ ಹತ್ತಿಸುತ್ತದೆ. ಟ್ಯಾಂಕಿನ ಗೋಡೆಗೆ ಅಂಟಿದ ಹಳೆಯ ಕೊಳೆಯನ್ನು ಎಥನಾಲ್ ಬಿಡಿಸಿ ಜಾಲರಿಗೆ ತಂದು ಹಾಕುವುದೂ ಉಂಟು.

ದೀಪಕ್ಕೆ ಟೇಪ್ ಅಂಟಿಸಿ ಓಡಿಸುವವರನ್ನು ನಾನು ಕಂಡಿದ್ದೇನೆ. ತೆಳು ಮಿಶ್ರಣದಲ್ಲಿ ಭಾರ ಎಳೆದರೆ ಎಂಜಿನ್ ನಾಕ್ ಹೊಡೆಯುತ್ತದೆ, ಶಾಖ ಏರಿ ಎಕ್ಸಾಸ್ಟ್ ವಾಲ್ವ್ ಸುಡಬಹುದು. ಆಮೇಲೆ ಹೆಡ್ ಇಳಿಸುವ ಖರ್ಚಿನಲ್ಲಿ ಹತ್ತಾರು ಪಿಸಿವಿ ಹೋಸ್ ಬರುತ್ತವೆ.

ಟ್ಯಾಂಕ್ ತೊಳೆದು, ಜಾಲರಿ ಸಮೇತ ಹೊಸ ಪಂಪ್ ಕೂರಿಸಿ, ಅದೇ ಏರನ್ನು ಅದೇ ಗೇರಿನಲ್ಲಿ ಮತ್ತೆ ಹತ್ತಿಸಿದೆವು. ಒತ್ತಡ 3.4ಕ್ಕಿಂತ ಕೆಳಗಿಳಿಯಲಿಲ್ಲ. ಟ್ರಿಮ್ 8. ಯಜಮಾನರು ಮೀಟರಿನ ಮುಳ್ಳನ್ನೇ ನೋಡುತ್ತ ಕುಳಿತಿದ್ದರು. ದೀಪಾವಳಿಯ ಹೊತ್ತಿಗೆ ಆಯಿಲ್ ಬದಲಿಸಲು ಬಂದಾಗ ಮತ್ತೆ ಸ್ಕ್ಯಾನರ್ ಹಾಕಿದೆ. ಐಡ್ಲಿಂಗ್‌ನಲ್ಲಿ 6, 2500ರಲ್ಲಿ 7. ಕೋಡ್ ಇರಲಿಲ್ಲ. ಚೀಲದಲ್ಲಿದ್ದ ಎರಡು ಹಳೆಯ ಸೆನ್ಸರ್‌ಗಳನ್ನು ಅವರು ಡಿಕ್ಕಿಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು.