ಬೆಂಗಳೂರಿನ ಗಲ್ಲಾಪೆಟ್ಟಿಗೆ ಎಲ್ಲೆಲ್ಲಿ ಹಂಚಿಹೋಯಿತು?

ಬೆಂಗಳೂರಿನ ರೋಟರಿ, ಲಯನ್ಸ್ ಕ್ಲಬ್ಬುಗಳ ಸಭೆಗೆ ಪಾಲಿಕೆಯ ಅಧಿಕಾರಿಯೊಬ್ಬರು ಮಾತಾಡಲು ಬಂದರೆ, ಭಾಷಣಕ್ಕಿಂತ ಪ್ರಶ್ನೆಗಳೇ ಜಾಸ್ತಿ. ಅಗೆದ ರಸ್ತೆ ಯಾಕೆ ಮುಚ್ಚಿಲ್ಲ? ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿ 5% ರಿಯಾಯಿತಿ ಪಡೆದೆವು, ಆ ದುಡ್ಡು ಎಲ್ಲಿ ಹೋಯಿತು? ಉತ್ತರಗಳೂ ಹಳೆಯವೇ. ‘ಅಗೆದದ್ದು ಜಲಮಂಡಳಿ.’ ‘ಅದು ಬಿಡಿಎ ಬಡಾವಣೆ, ನಮಗಿನ್ನೂ ಹಸ್ತಾಂತರ ಆಗಿಲ್ಲ.’ ‘ಸರ್ಕಾರದ ಅನುದಾನ ಬರಬೇಕು.’ ಸಿಟ್ಟು ಬರುವುದು ಸಹಜ. ಆದರೆ ಇವು ಸುಮ್ನೆ ಹೇಳುವ ನೆಪಗಳಲ್ಲ, ಬಹುತೇಕ ನಿಜ. ಒಂದು ಊರಿನ ಆಡಳಿತ ಇಂಥ ಉತ್ತರ ಕೊಡುವ ಸ್ಥಿತಿಗೆ ಬಂದದ್ದು ಹೇಗೆ ಎಂದು ತಿಳಿಯಲು ಸುಮಾರು 160 ವರ್ಷ ಹಿಂದೆ ಹೋಗಬೇಕು.

1862ರ ಮಾರ್ಚ್ 27ರಂದು ಪೇಟೆಯ ಒಂಬತ್ತು ಪ್ರಮುಖರ ಸಮಿತಿಯೊಂದಿಗೆ ಬೆಂಗಳೂರಿನ ಮುನಿಸಿಪಾಲಿಟಿ ಶುರುವಾಯಿತು. ದಂಡು (ಕಂಟೋನ್ಮೆಂಟ್) ಪ್ರದೇಶಕ್ಕೆ ಬೇರೆ ಮುನಿಸಿಪಾಲಿಟಿ. ಎರಡೂ ಒಂದಾಗಿ ನಗರ ಕಾರ್ಪೊರೇಷನ್ ಆದದ್ದು 1949ರಲ್ಲಿ. ಆ ಹೊತ್ತಿಗಾಗಲೇ ಒಂದು ಮುಖ್ಯ ಕೆಲಸ ಕೈಬಿಟ್ಟಿತ್ತು. ಹೊಸ ಬಡಾವಣೆ ಮಾಡಲು 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಬಂದಿತ್ತು. 1964ರಲ್ಲಿ ನೀರು, ಒಳಚರಂಡಿ ಎರಡೂ ಜಲಮಂಡಳಿಗೆ ಹೋದವು. 1976ರಲ್ಲಿ ವಿಶ್ವಸ್ಥ ಮಂಡಳಿಯ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ ಬಂತು. ನಂತರ ಬಸ್ಸಿಗೆ ಬಿಎಂಟಿಸಿ, ಮೆಟ್ರೋಗೆ ಬಿಎಂಆರ್‌ಸಿಎಲ್.

ಪ್ರತಿಯೊಂದನ್ನು ಮಾಡುವಾಗಲೂ ಒಂದು ಕಾರಣವಿತ್ತು. ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಅಷ್ಟು ಎತ್ತರಕ್ಕೆ ತರುವುದು ಕಾರ್ಪೊರೇಷನ್ ಒಂದರಿಂದ ಆಗುವ ಕೆಲಸವಲ್ಲ. 1974ರಲ್ಲಿ ಮೊದಲ ಹಂತದ ನೀರು ಬಂದದ್ದು ಜಲಮಂಡಳಿಯಿಂದಲೇ. ಆದರೆ ಈ ಸಂಸ್ಥೆಗಳೆಲ್ಲ ಉತ್ತರ ಹೇಳಬೇಕಾದದ್ದು ರಾಜ್ಯ ಸರ್ಕಾರಕ್ಕೆ. ನಾವು ಓಟು ಹಾಕಿ ಕಳಿಸಿದ ಕಾರ್ಪೊರೇಟರ್‌ಗಲ್ಲ, ಮೇಯರ್‌ಗಲ್ಲ.

ಕೆಲಸಗಳ ಕಥೆ ಇದಾದರೆ, ದುಡ್ಡಿನ ಕಥೆಯಲ್ಲಿ 1979 ದೊಡ್ಡ ತಿರುವು. ಆ ವರ್ಷ ಕರ್ನಾಟಕದಲ್ಲಿ ಆಕ್ಟ್ರಾಯ್ ರದ್ದಾಯಿತು. ಊರೊಳಗೆ ಬರುವ ಸರಕಿನ ಮೇಲೆ ಪಾಲಿಕೆಯೇ ವಸೂಲಿ ಮಾಡುತ್ತಿದ್ದ ಸುಂಕ ಅದು. ಗೇಟುಗಳಲ್ಲಿ ಲಾರಿ ನಿಲ್ಲಿಸಿಕೊಂಡು ಕಾಯುವ ಕಾಟ ತಪ್ಪಿತು, ವ್ಯಾಪಾರಕ್ಕೆ ಒಳ್ಳೆಯದೇ ಆಯಿತು. ಆದರೆ ಊರಿನ ವ್ಯಾಪಾರ ಬೆಳೆದಂತೆ ತಾನೂ ಬೆಳೆಯುವ ಆದಾಯವೊಂದು ಪಾಲಿಕೆಯ ಕೈತಪ್ಪಿತು. ಅದರ ಬದಲಿಗೆ ಬಂದದ್ದು ಸರ್ಕಾರದ ಪರಿಹಾರದ ಅನುದಾನ. ಅನುದಾನ ಎಂದರೆ ಕೊಡುವವರು ಕೊಟ್ಟಾಗ, ಕೊಟ್ಟಷ್ಟು. ಇವತ್ತಿಗೂ ಬೆಂಗಳೂರಿನಲ್ಲಿ ಹುಟ್ಟುವ ಜಿಎಸ್‌ಟಿ, ನೋಂದಣಿ ಶುಲ್ಕ, ವಾಹನ ತೆರಿಗೆ ಮೇಲಿನ ಸರ್ಕಾರಗಳಿಗೆ ಹೋಗುತ್ತವೆ. ಪಾಲಿಕೆಯ ಕೈಯಲ್ಲಿ ಗಟ್ಟಿಯಾಗಿ ಉಳಿದದ್ದು ಆಸ್ತಿ ತೆರಿಗೆ ಒಂದೇ.

ಆ ತೆರಿಗೆಯೂ ಬಹಳ ಕಾಲ ಸೊರಗಿತ್ತು. ಕಂದಾಯ ನಿರೀಕ್ಷಕರು ಮನೆಗೆ ಬಂದು ಇಷ್ಟು ಬಾಡಿಗೆ ಬರಬಹುದು ಎಂದು ಅಂದಾಜು ಹಾಕುತ್ತಿದ್ದರು. ಅಲ್ಲೇ ಚೌಕಾಸಿ. 2000ದಲ್ಲಿ ಸ್ವಯಂ ಘೋಷಿತ ಪದ್ಧತಿ ಬಂತು. ಮನೆ ಅಳೆದು, ಲೆಕ್ಕ ಹಾಕಿ, ತೆರಿಗೆ ಕಟ್ಟುವ ಹೊಣೆ ಮಾಲೀಕರಿಗೇ ಬಂತು. ವಸೂಲಿ ಏರಿತು. 2008ರಲ್ಲಿ ಊರನ್ನು ವಲಯಗಳಾಗಿ ಮಾಡಿ ಚದರಡಿಗೆ ಇಷ್ಟು ಎಂಬ ದರ ನಿಗದಿಯಾಯಿತು.

ನನ್ನ ಪ್ರಕಾರ ಈ ಇಡೀ ಇತಿಹಾಸದಲ್ಲಿ ಹೆಚ್ಚು ಭರವಸೆ ಹುಟ್ಟಿಸಿದ್ದು 2000ದ ಆಸುಪಾಸಿನ ಆ ವರ್ಷಗಳೇ. 1997ರಲ್ಲಿ ಪಾಲಿಕೆ 125 ಕೋಟಿ ರೂಪಾಯಿಯ ಬಾಂಡ್ (ಸಾಲಪತ್ರ) ಬಿಡುಗಡೆ ಮಾಡಿತು. ದೇಶದಲ್ಲಿ ಅಂಥ ಪ್ರಯತ್ನ ಮಾಡಿದ ಮೊದಲ ನಗರಗಳಲ್ಲಿ ನಮ್ಮದೂ ಒಂದು. 1999ರಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ನಗರದ ಸುಧಾರಣೆಗೆಂದು ಬೆಂಗಳೂರು ಅಜೆಂಡಾ ಕಾರ್ಯಪಡೆ ಮಾಡಿದರು. ಇನ್ಫೋಸಿಸ್‌ನ ನಂದನ್ ನಿಲೇಕಣಿ ಅದರ ಮುಂದಾಳು. ಪಾಲಿಕೆಯ ಲೆಕ್ಕಪತ್ರ ಹೊಸ ಪದ್ಧತಿಗೆ ಬದಲಾಯಿತು. 2002ರಿಂದ ಜನಾಗ್ರಹ, ಪಬ್ಲಿಕ್ ಅಫೇರ್ಸ್ ಸೆಂಟರ್ ಮೊದಲಾದ ಸಂಸ್ಥೆಗಳು ಸೇರಿ ಪಾಲಿಕೆಯ ಹಣಕಾಸಿನ ಲೆಕ್ಕವನ್ನು ಜನರ ಮುಂದಿಟ್ಟು ಚರ್ಚಿಸುವ ಅಭಿಯಾನ ನಡೆಸಿದವು. ಆದಾಯ ಎಷ್ಟು, ಖರ್ಚು ಎಷ್ಟು ಎಂದು ಸಾಮಾನ್ಯರು ಕೇಳುವುದು ತಪ್ಪಲ್ಲ ಎಂಬ ಧೈರ್ಯ ಆಗ ಬಂತು. ಅದನ್ನು ಮುಂದುವರಿಸಿಕೊಂಡು ಹೋಗಲಿಲ್ಲ ಎಂಬ ನೋವು ನನಗೆ ಈಗಲೂ ಇದೆ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು. 226 ಚದರ ಕಿಲೋಮೀಟರ್ ಇದ್ದ ಊರು 700 ದಾಟಿತು. ರಸ್ತೆ, ಚರಂಡಿ, ದೀಪ, ಕಸ ಎಲ್ಲವೂ ಒಮ್ಮೆಲೇ ಹೆಗಲಿಗೇರಿದವು, ಆದಾಯ ಆ ವೇಗದಲ್ಲಿ ಬೆಳೆಯಲಿಲ್ಲ. ಆ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ ಚಾಲೂ ಆದದ್ದು 2024ರ ಅಕ್ಟೋಬರ್‌ನಲ್ಲಿ. ಪಾಲಿಕೆಗೆ ಸೇರಿ 17 ವರ್ಷದ ಮೇಲೆ! ಅಷ್ಟೂ ವರ್ಷ ಅಲ್ಲಿನವರು ಒಂದು ಕೈಯಲ್ಲಿ ಪಾಲಿಕೆಗೆ ಕಂದಾಯ, ಇನ್ನೊಂದು ಕೈಯಲ್ಲಿ ಟ್ಯಾಂಕರ್‌ನವರಿಗೆ ದುಡ್ಡು ಕೊಟ್ಟರು.

ಆಮೇಲೆ ಬಂದದ್ದು ಅಡಮಾನದ ಕಾಲ. ಸಾಲಕ್ಕಾಗಿ ಪಾಲಿಕೆ ತನ್ನ 11 ಆಸ್ತಿಗಳನ್ನು ಒತ್ತೆ ಇಟ್ಟಿತು. ಕೆ.ಆರ್. ಮಾರ್ಕೆಟ್, ಜಾನ್ಸನ್ ಮಾರ್ಕೆಟ್, ಮೇಯೋ ಹಾಲ್, ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗ್ ಕೂಡ ಆ ಪಟ್ಟಿಯಲ್ಲಿದ್ದವು. ಮನೆ ಖರ್ಚಿಗೆ ತಾತನ ಕಾಲದ ಒಡವೆ ಅಡವಿಟ್ಟಂತೆ. ಬಜೆಟ್‌ನಲ್ಲಿ ಆದಾಯವನ್ನು ಹೆಚ್ಚಾಗಿ ತೋರಿಸುವುದು, ಅದನ್ನು ನಂಬಿ ಕಾಮಗಾರಿಗಳಿಗೆ ಜಾಬ್ ಕೋಡ್ (ಕೆಲಸಕ್ಕೆ ಮಂಜೂರಾತಿ ಸಂಖ್ಯೆ) ಕೊಡುವುದು, ದುಡ್ಡು ಬಾರದೆ ಗುತ್ತಿಗೆದಾರರ ಬಿಲ್ ಬಾಕಿ ಉಳಿಯುವುದು. ಸಾಲದ ಬೇರು ಇದರಲ್ಲೇ ಇತ್ತು. ಬಿಲ್ ಎರಡು ಮೂರು ವರ್ಷ ತಡವಾಗುತ್ತದೆ ಎಂದು ಗೊತ್ತಿರುವ ಗುತ್ತಿಗೆದಾರ ಕೆಲಸದ ಗುಣಮಟ್ಟದಲ್ಲೇ ಅದನ್ನು ಸರಿದೂಗಿಸಲು ನೋಡುತ್ತಾನೆ. ಒಂದೇ ಮಳೆಗೆ ಡಾಂಬರು ಕಿತ್ತುಬರುವುದಕ್ಕೂ ಬಾಕಿ ಬಿಲ್ಲಿಗೂ ನಂಟಿದೆ.

ಇದನ್ನೆಲ್ಲ ಕೇಳಬೇಕಾದ ಜಾಗ ಪಾಲಿಕೆಯ ಕೌನ್ಸಿಲ್, ಅಲ್ವಾ? 2006ರ ಕೊನೆಯಿಂದ 2010ರವರೆಗೆ ಕೌನ್ಸಿಲ್ ಇರಲಿಲ್ಲ. 2015ರಲ್ಲಿ ಆರಿಸಿದವರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆರು ವಾರದಲ್ಲಿ ಚುನಾವಣೆ ಘೋಷಿಸಿ ಎಂದು ಆ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು. ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರಲ್ಲಿ ಬಿಬಿಎಂಪಿ ಇಲ್ಲವಾಗುವವರೆಗೂ ಅದು ಅಧಿಕಾರಿಗಳ ಕೈಯಲ್ಲೇ ಇತ್ತು. 74ನೇ ತಿದ್ದುಪಡಿ ನಗರಾಡಳಿತಕ್ಕೆ ಸಂವಿಧಾನದಲ್ಲೇ ಜಾಗ ಕೊಟ್ಟು 30 ವರ್ಷ ದಾಟಿದ ಮೇಲಿನ ಮಾತಿದು.

ಅದಕ್ಕೇ ಕ್ಲಬ್ ಸಭೆಗಳಿಗೆ ಇಷ್ಟು ತೂಕ ಬಂದದ್ದು. ರೋಟರಿ ಬೆಂಗಳೂರಿಗೆ ಬಂದದ್ದು 1934ರಲ್ಲಿ. ಇಂಥ ಕ್ಲಬ್ಬುಗಳ ಸದಸ್ಯರಲ್ಲಿ ವ್ಯಾಪಾರಿಗಳು, ಲೆಕ್ಕಪರಿಶೋಧಕರು, ವೈದ್ಯರು ಇರುತ್ತಾರೆ. ಸರ್ಕಾರಿ ಶಾಲೆಗೆ ಶೌಚಾಲಯ ಕಟ್ಟಿಸಿ ಪೈಸೆ ಪೈಸೆಯ ಲೆಕ್ಕ ಇಟ್ಟು ಅಭ್ಯಾಸ ಇರುವವರು. ಪಾಲಿಕೆಯ ಬಜೆಟ್ ಪುಸ್ತಕ ಓದುವುದು ಅವರಿಗೆ ಕಷ್ಟವಲ್ಲ.

ಓದಿದರೆ ಏನು ಕಾಣುತ್ತದೆ ನೋಡಿ. 2024-25ರಲ್ಲಿ ಸುಮಾರು 12,300 ಕೋಟಿ ಇದ್ದ ಬಿಬಿಎಂಪಿ ಬಜೆಟ್, 2025-26ಕ್ಕೆ 19,900 ಕೋಟಿ ದಾಟಿತು. 2024-25ರಲ್ಲಿ ಬಂದ ಆಸ್ತಿ ತೆರಿಗೆ ಮಾತ್ರ ಸುಮಾರು 4,900 ಕೋಟಿ. ನಡುವಿನ ಅಂತರ ತುಂಬಬೇಕಾದದ್ದು ಬಹುಪಾಲು ಅನುದಾನ, ಸಾಲ, ಬೇರೆ ಶುಲ್ಕಗಳು.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳು ಬಂದವು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಮೇಯರ್ ಅವಧಿ ಒಂದು ವರ್ಷದ ಬದಲು 30 ತಿಂಗಳಾದದ್ದು ಒಳ್ಳೆಯದೇ. ಆದರೆ ತೆರಿಗೆ ವಸೂಲಿಯಲ್ಲಿ ಸದಾ ಮುಂದಿದ್ದ ಮಹದೇವಪುರದ ಐಟಿ ಪ್ರದೇಶ ಈಗ ಪೂರ್ವ ಪಾಲಿಕೆಯದು. ಹಳೇ ಪೇಟೆಯ ಪಾಲಿಕೆಗೆ ಆ ಅನುಕೂಲವಿಲ್ಲ. ಬಡ ಪಾಲಿಕೆಗೆ ಯಾರು, ಯಾವ ಲೆಕ್ಕದಲ್ಲಿ ಕೊಡುತ್ತಾರೆ ಎಂಬುದು ಮುಂದಿನ ವರ್ಷಗಳ ದೊಡ್ಡ ಪ್ರಶ್ನೆ.

ಹಾಗಾಗಿ ಇನ್ನು ಮುಂದೆ ಕ್ಲಬ್ಬಿಗೆ ಆಯುಕ್ತರು ಬಂದಾಗ ಗುಂಡಿಯ ಜೊತೆ ಇವನ್ನೂ ಕೇಳಿ. ಹೋದ ವರ್ಷದ ಬಜೆಟ್‌ನಲ್ಲಿ ನಿಜವಾಗಿ ಬಂದದ್ದೆಷ್ಟು? ಬಾಕಿ ಬಿಲ್ ಎಷ್ಟು? ಹಳೇ ಬಿಬಿಎಂಪಿಯ ಸಾಲದಲ್ಲಿ ನಮ್ಮ ಪಾಲಿಕೆಯ ಪಾಲೆಷ್ಟು? ಆಸ್ತಿ ತೆರಿಗೆಯ ಜೊತೆ ನಾವು ಕಟ್ಟುವ 6% ಗ್ರಂಥಾಲಯ ಸೆಸ್ ಪೂರ್ತಿಯಾಗಿ ಗ್ರಂಥಾಲಯ ಇಲಾಖೆಗೆ ಸೇರಿದೆಯೇ? ಉತ್ತರವನ್ನು ಬಾಯಿಮಾತಲ್ಲಿ ಅಲ್ಲ, ಬರವಣಿಗೆಯಲ್ಲಿ ಕೇಳಿ.